ಹಳೆಯ ಕಂಪ್ಯೂಟರಿನ ಆಮೆನಡಿಗೆ

ಡೊಂಬಿವಲಿಯ ನಮ್ಮ ಮನೆಯ ಮೂಲೆಯಲ್ಲಿ 2004ರಲ್ಲಿ ಕೊಂಡ ಕಂಪ್ಯೂಟರೊಂದುಂಟು. ತೀರಿಹೋದ ನಮ್ಮ ತಾಯಿಯವರು ಹಾಡಿದ ಬೀಸುವ ಪದಗಳು ಇರುವುದು ಅದರ ಡಿಸ್ಕಿನಲ್ಲಿ ಮಾತ್ರ. ಈಚೆಗೆ ಅವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಹೋದರೆ ಯಂತ್ರ ಆಮೆನಡಿಗೆ ಹಿಡಿಯಿತು. ಹಾಡು ತಡವರಿಸಿತು, ಮೌಸಿನ ಬಾಣ ಕುಂಟಿತು. "ಅದಕ್ಕೆ ವಯಸ್ಸಾಯಿತು, ಭಂಗಾರದವನಿಗೆ ಕೊಟ್ಟುಬಿಡಿ" ಎಂದರು ಮಕ್ಕಳು. ನಮಗೆ ಮನಸ್ಸಾಗಲಿಲ್ಲ.

ವಿಚಾರಿಸಲಾಗಿ, ದೋಷ ವಯಸ್ಸಿನದಾಗಿರಲಿಲ್ಲ. ಡಿಸ್ಕಿನಿಂದ ಮಾಹಿತಿ ಸಾಗಲು ಎರಡು ರೀತಿಗಳುಂಟು. ಡಿಎಂಎ ಎಂಬುದರಲ್ಲಿ ಪ್ರೊಸೆಸರು ಅಪ್ಪಣೆ ಕೊಟ್ಟು ತನ್ನ ಕೆಲಸಕ್ಕೆ ತೆರಳುತ್ತದೆ; ಮಾಹಿತಿ ನೇರವಾಗಿ ಮೆಮೊರಿ ಸೇರುತ್ತದೆ. ಪಿಐಓ ಎಂಬುದರಲ್ಲಿ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊರಬೇಕು. ಮನೆಯ ಯಜಮಾನ ದಿನವೆಲ್ಲ ಚಾಳಿನ ನಲ್ಲಿಯಿಂದ ಕೊಡ ಹೊರುತ್ತಿದ್ದರೆ ಕಚೇರಿಗೆ ಹೋಗುವವರಾರು? ನಮ್ಮಂಥ ಯಂತ್ರದಲ್ಲಿ ಮೊದಲನೆಯದರ ಮಿತಿ ಸೆಕೆಂಡಿಗೆ 100 ಮೆಗಾಬೈಟು. ಎರಡನೆಯದು 17ನ್ನು ಮುಟ್ಟದು.

ವಿಂಡೋಸ್ ಎಕ್ಸ್‌ಪಿಯ ಕ್ರಮ ಹೀಗೆ: ಸಾಗಣೆಯಲ್ಲಿ ಒಟ್ಟು 6 ತಪ್ಪುಗಳಾದರೆ ಅದು ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ತಪ್ಪುಗಳು ಮುಂದುವರಿದರೆ ಇಳಿಯುತ್ತ ಇಳಿಯುತ್ತ ಪಿಐಓಗೆ ಬಂದು ಕೂರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ಚಾನೆಲಿನ ಅಡ್ವಾನ್ಸ್ಡ್ ಸೆಟಿಂಗ್ಸ್ ತೆರೆದು ನೋಡಿದೆವು. ಆಯ್ಕೆಯಲ್ಲಿ ಡಿಎಂಎ ಎಂದಿದ್ದರೂ ನಡೆಯುತ್ತಿದ್ದುದು ಪಿಐಓ!

ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿದರೆ ಹಳೆಯ ಲೆಕ್ಕ ಅಳಿದು ವೇಗ ಮರಳುತ್ತದೆ. ನಾವೂ ಹಾಗೆ ಮಾಡಿ ಹಿಗ್ಗಿದೆವು. ಎರಡೇ ದಿನ, ಮತ್ತೆ ಅದೇ ಪಾಡು. ತಪ್ಪಿನ ಮೂಲವನ್ನು ಬಿಟ್ಟು ಲೆಕ್ಕವನ್ನಷ್ಟೇ ಅಳಿಸಿದ್ದೆವಲ್ಲ! ವಿದ್ಯುತ್ತಿನ ಪ್ಲಗ್ಗು ಕಿತ್ತು ಪೆಟ್ಟಿಗೆ ಬಿಚ್ಚಿದರೆ, ಡಿಸ್ಕಿನ ಚಪ್ಪಟೆ ಕೇಬಲು ಮೂಲೆಗೆ ಸಿಕ್ಕಿ ಮಡಿಚಿ ಸವೆದಿತ್ತು.

ಹೊಸದಕ್ಕಾಗಿ ಲ್ಯಾಮಿಂಗ್ಟನ್ ರಸ್ತೆ ಅಲೆದೆವು. ಕೊಳ್ಳುವವರು 80 ತಂತಿಯದನ್ನೇ ಕೇಳಿರಿ. 40 ತಂತಿಯದು 33 ಮೆಗಾಬೈಟಿಗೇ ನಿಲ್ಲುತ್ತದೆ. ಎರಡರ ತುದಿಯೂ ಒಂದೇ ತೆರನಾದುದರಿಂದ ಅಂಗಡಿಯವರೂ ಎಡವುತ್ತಾರೆ. ಉದ್ದ 18 ಅಂಗುಲ ಮೀರಬಾರದು. ಕೇಬಲು ಬದಲಿಸಿ ಚಾನೆಲನ್ನು ಮತ್ತೊಮ್ಮೆ ತೆಗೆದ ಮೇಲೆ ವೇಗ ಇಳಿದಿಲ್ಲ.

ಡಿಸ್ಕಿನಿಂದಲೇ ಟಕಟಕ ಸದ್ದು ಬರುತ್ತಿದ್ದರೆ ಮಾತು ಬೇರೆ. ಆಗ ವೇಗದ ಗೊಡವೆ ಬಿಟ್ಟು, ನಿಧಾನವಾದರೂ ಸರಿ, ಅಮೂಲ್ಯವಾದುದನ್ನು ಮೊದಲು ನಕಲು ಮಾಡಿಕೊಳ್ಳಿರಿ. ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರಲ್ಲೇ ನಿಂತಿರುವುದರಿಂದ ಅಂಥ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದಿರುವುದು ಲೇಸು.

ತಾಯಿಯವರ ಪದಗಳ ಒಂದು ಪ್ರತಿ ಈಗ ಗದಗಿನ ಅಕ್ಕನ ಮನೆಯಲ್ಲಿದೆ.