ಪಿಎಫ್ ತೆಗೆದರೆ ತೆರಿಗೆ: ನಂಬಿಕೆ ಒಂದು, ನಿಯಮ ಇನ್ನೊಂದು

ಹೊಸೂರಿನ ಸಿಪ್ಕಾಟ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ದುಡಿಯುವವರಿಗೆ ಏಜೆನ್ಸಿ ಬದಲಾಗುವುದು ಹೊಸ ಸಂಗತಿಯಲ್ಲ. ಯಂತ್ರ ಅದೇ, ಶಿಫ್ಟ್ ಅದೇ, ಸಂಬಳದ ಚೀಟಿಯ ಮೇಲಿನ ಹೆಸರು ಮಾತ್ರ ಬೇರೆ. ಆಗೆಲ್ಲ ಒಂದು ಸಲಹೆ ಬಾಯಿಂದ ಬಾಯಿಗೆ ಹರಡುತ್ತದೆ: "ಹಳೇ ಪಿಎಫ್ ತೆಗೆದುಬಿಡು. ಒಂದೇ ಕಡೆ ಐದು ವರ್ಷ ಆಗದಿದ್ದರೆ ಹೇಗೂ ಟ್ಯಾಕ್ಸ್ ಹಿಡೀತಾರೆ, ಇಟ್ಟು ಏನು ಪ್ರಯೋಜನ?" ತಳಿ, ಬಾಗಲೂರು, ಡೆಂಕಣಿಕೋಟೆ ಕಡೆಯಿಂದಲೂ ಗಡಿಯಾಚೆಯ ಅತ್ತಿಬೆಲೆ, ಆನೇಕಲ್‌ಗಳಿಂದಲೂ ಕೆಲಸಕ್ಕೆ ಬರುವ ನಮ್ಮವರು ಈ ಮಾತು ನಂಬಿದರೆ ನಷ್ಟ ಅವರಿಗೇ.

ಐದು ವರ್ಷದ ನಿಯಮ ಇರುವುದು ನಿಜ. ಆದರೆ ಅದು ಒಂದೇ ಕಂಪನಿಯಲ್ಲಿ ಆಗಬೇಕು ಎಂಬುದು ತಪ್ಪು. ಹಳೆಯ ಖಾತೆಯ ಹಣವನ್ನು ಹೊಸ ಖಾತೆಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ಮೊದಲ ಏಜೆನ್ಸಿಯಲ್ಲಿ ಎರಡು ವರ್ಷ, ಮುಂದಿನದರಲ್ಲಿ ಎರಡು, ಮೂರನೆಯದರಲ್ಲಿ ಒಂದೂವರೆ ವರ್ಷ ದುಡಿದು, ಪ್ರತಿ ಸಲವೂ ವರ್ಗಾಯಿಸಿಕೊಂಡವರಿಗೆ ಐದು ವರ್ಷ ದಾಟಿದಂತಾಯಿತು. ಆಮೇಲೆ ತೆಗೆದ ಪಿಎಫ್‌ಗೆ ತೆರಿಗೆ ಇಲ್ಲ. ಪ್ರತಿ ಸಲ ಸೆಟಲ್‌ಮೆಂಟ್ ಮಾಡಿಕೊಂಡವರ ಎಣಿಕೆ ಮಾತ್ರ ಪ್ರತಿ ಸಲವೂ ಸೊನ್ನೆಯಿಂದ ಶುರು. ಈ ಗೊಂದಲ ಹುಟ್ಟಿದ್ದು ಬಹುಶಃ ಗ್ರಾಚ್ಯುಟಿಯಿಂದ. ಕಾಯಂ ಕೆಲಸಗಾರರು ಒಂದೇ ಸಂಸ್ಥೆಯಲ್ಲಿ ಐದು ವರ್ಷ ಪೂರೈಸಬೇಕಾದ್ದು ಅದಕ್ಕೆ. ಎರಡರಲ್ಲೂ 'ಐದು ವರ್ಷ' ಇರುವುದರಿಂದ ಜನ ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತಾರೆ.

ಐದು ವರ್ಷ ತುಂಬದಿದ್ದರೂ ತೆರಿಗೆ ಬೀಳದ ಸಂದರ್ಭಗಳಿವೆ. ಕಾಯಿಲೆಯಿಂದ ಕೆಲಸ ಹೋದರೆ, ಕಂಪನಿ ಮುಚ್ಚಿದರೆ, ಕೆಲಸಗಾರನ ಕೈಮೀರಿದ ಬೇರೆ ಕಾರಣದಿಂದ ಸೇವೆ ಕೊನೆಗೊಂಡರೆ ವಿನಾಯಿತಿ ಉಂಟು. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಇದು ಅನ್ವಯಿಸದು. ಹಾಗಾಗಿ ಕೆಲಸ ಬಿಟ್ಟ ಕಾರಣ ಎಂದು ದಾಖಲೆಯಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ವರ್ಗಾವಣೆಯಾದ ಮೇಲೆ ಪಾಸ್‌ಬುಕ್ ತೆರೆದು ಗಾಬರಿಯಾಗುವವರಿದ್ದಾರೆ. ಅದರಲ್ಲಿ ಮೂರು ಕಾಲಂ: ನಮ್ಮ ಪಾಲು, ಮಾಲೀಕರ ಪಾಲು, ಪೆನ್ಷನ್. ಮೊದಲೆರಡರ ಹಣ ಹೊಸ ಖಾತೆಯಲ್ಲಿ ಕಾಣುತ್ತದೆ, ಪೆನ್ಷನ್ ಕಾಲಂ ಖಾಲಿ ಇರುತ್ತದೆ. ಹಣ ಎಲ್ಲೂ ಹೋಗಿಲ್ಲ. ಪೆನ್ಷನ್ ಲೆಕ್ಕ ನಡೆಯುವುದು ಸೇವೆಯ ವರ್ಷಗಳ ಮೇಲೆ, ಮುಂದಕ್ಕೆ ಸಾಗುವುದು ಆ ವರ್ಷಗಳೇ. ಹತ್ತು ವರ್ಷ ಸೇರಿದರೆ ತಿಂಗಳ ಪೆನ್ಷನ್‌ಗೆ ಹಕ್ಕು ಬರುತ್ತದೆ. ಆ ಹಕ್ಕನ್ನೇ ಎಷ್ಟೋ ಜನ ಅವಸರದ ಸೆಟಲ್‌ಮೆಂಟ್‌ನಲ್ಲಿ ಕೈಬಿಡುತ್ತಾರೆ ಎಂಬುದು ನನಗೆ ತೆರಿಗೆಗಿಂತ ದೊಡ್ಡ ಸಂಕಟ.

ಇನ್ನು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ. "ಹಿಡಿದ ದುಡ್ಡು ಹೋಯಿತು" ಎಂದು ಕೈತೊಳೆದುಕೊಳ್ಳುವುದು ಎರಡನೇ ತಪ್ಪು. ಲೆಕ್ಕ ಹಾಕಿ ನೋಡೋಣ. ಮೂಲವೇತನ, ಡಿಎ ಸೇರಿ 14,000 ರೂಪಾಯಿ ಇರುವವರ ಶೇ 12ರ ಪಾಲು ತಿಂಗಳಿಗೆ 1,680. ಮಾಲೀಕರ ಶೇ 12ರಲ್ಲಿ 1,166 ಪೆನ್ಷನ್‌ಗೆ ಹೋಗಿ, ಪಿಎಫ್‌ಗೆ ಬರುವುದು 514. ಎರಡು ವರ್ಷಕ್ಕೆ 52,656. ಶೇ 8.25ರ ಬಡ್ಡಿ ಸೇರಿದರೆ ಸುಮಾರು 57 ಸಾವಿರ. ಐದು ವರ್ಷದೊಳಗೆ ತೆಗೆಯುವ ಮೊತ್ತ 50,000 ಮುಟ್ಟಿದರೆ ಶೇ 10 ಟಿಡಿಎಸ್, ಅಂದರೆ ಇಲ್ಲಿ ಸುಮಾರು 5,700. ಪ್ಯಾನ್ ಜೋಡಿಸಿಲ್ಲದಿದ್ದರೆ ಶೇ 20, ಅಂದರೆ 11,400. ಇದು ಮುಂಗಡವಾಗಿ ಹಿಡಿದದ್ದಷ್ಟೇ, ಕೊನೆಯ ತೆರಿಗೆಯಲ್ಲ. 2025-26ನೇ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಶೂನ್ಯವಾಗುತ್ತದೆ. ಇಂಥ ಕೆಲಸಗಾರ ರಿಟರ್ನ್ ಸಲ್ಲಿಸಿದರೆ 5,700 ಪೂರ್ತಿ ವಾಪಸ್. ಸಲ್ಲಿಸದಿದ್ದರೆ ಯಾರೂ ಮನೆಗೆ ತಂದುಕೊಡುವುದಿಲ್ಲ. ವರ್ಷದ ತೆರಿಗೆಯೇ ಬಾರದು ಎಂದು ಮೊದಲೇ ಖಚಿತವಿದ್ದವರು, 15ಜಿ ಎಂದು ಜನರಿಗೆ ಗೊತ್ತಿರುವ ಘೋಷಣೆ ಕೊಟ್ಟು ಟಿಡಿಎಸ್ ತಪ್ಪಿಸಿಕೊಳ್ಳಬಹುದು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿರುವುದರಿಂದ ಸೆಕ್ಷನ್, ಫಾರಂಗಳ ಸಂಖ್ಯೆಗೆ ಜೋತು ಬೀಳದೆ ಹಣ ತೆಗೆಯುವಾಗ ಚಾಲ್ತಿಯಲ್ಲಿರುವುದನ್ನು ಕೇಳಿಕೊಳ್ಳಿ. ಸೈಬರ್ ಸೆಂಟರ್‌ನಲ್ಲಿ ಯಾರೋ ತುಂಬಿದ ಘೋಷಣೆಗೂ ಹೊಣೆ ನಿಮ್ಮದೇ.

ಐದು ವರ್ಷದೊಳಗೆ ತೆಗೆದ ಇಡೀ ಮೊತ್ತಕ್ಕೆ ತೆರಿಗೆ ಎಂಬುದೂ ಸರಿಯಲ್ಲ. ಮಾಲೀಕರ ಪಾಲು, ಅದರ ಬಡ್ಡಿ ಸಂಬಳದ ಆದಾಯ. ನಿಮ್ಮ ಪಾಲಿನ ಬಡ್ಡಿ ಇತರ ಆದಾಯ. ನಿಮ್ಮ ಜೇಬಿನಿಂದ ಹೋದ ಅಸಲಿಗೆ ಹಿಂದೆ 80ಸಿ ವಿನಾಯಿತಿ ಪಡೆದಿದ್ದರೆ ಮಾತ್ರ, ಆ ವಿನಾಯಿತಿಯಿಂದ ಉಳಿದಿದ್ದ ತೆರಿಗೆಯನ್ನು ಕಟ್ಟಬೇಕಾಗುತ್ತದೆ.

ಗಡಿಯಲ್ಲಿರುವವರಿಗೆ ಇನ್ನೊಂದು ಅನುಮಾನ: ತಮಿಳುನಾಡಿನ ಪಿಎಫ್ ಕರ್ನಾಟಕದ ಬೊಮ್ಮಸಂದ್ರದ ಕೆಲಸಕ್ಕೆ ಬರುತ್ತದೆಯೇ? ಬರುತ್ತದೆ. ಪಿಎಫ್ ಸದಸ್ಯರ ಗುರುತಿನ ಸಂಖ್ಯೆಯಾದ ಯುಎಎನ್ ದೇಶಕ್ಕೆಲ್ಲ ಒಂದೇ, ಆದಾಯ ತೆರಿಗೆಯೂ ಕೇಂದ್ರದ್ದು. ಗಡಿಯ ಜೂಜುವಾಡಿ ದಾಟಿದರೆ ಬದಲಾಗುವುದು ವೃತ್ತಿ ತೆರಿಗೆ ಮಾತ್ರ. ಕರ್ನಾಟಕದಲ್ಲಿ ಅದು ಸಂಬಳದಿಂದ ತಿಂಗಳ ಲೆಕ್ಕದಲ್ಲಿ ಹೋಗುತ್ತದೆ, ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳು ಅರ್ಧ ವರ್ಷಕ್ಕೊಮ್ಮೆ ವಸೂಲು ಮಾಡುತ್ತವೆ.

ನಿವೃತ್ತರ ನಂಬಿಕೆ ಬೇರೆ: ಹಣ ಅಲ್ಲೇ ಬಿಟ್ಟರೆ ಬಡ್ಡಿಯೂ ತೆರಿಗೆಯಿಲ್ಲದೆ ಬೆಳೆಯುತ್ತದೆ ಎಂದು. ಕೆಲಸ ಬಿಟ್ಟ ದಿನದವರೆಗಿನ ಮೊತ್ತಕ್ಕಷ್ಟೇ ವಿನಾಯಿತಿ. ಆಮೇಲಿನ ಬಡ್ಡಿಗೆ ತೆರಿಗೆ ಕಟ್ಟಬೇಕು ಎಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೇಳಿದೆ. 2002ರಲ್ಲಿ ನಿವೃತ್ತರಾಗಿ 2011ರಲ್ಲಿ ಹಣ ತೆಗೆದವರೊಬ್ಬರ ಪ್ರಕರಣ ಅದು. ಅಷ್ಟು ವರ್ಷ ಇಟ್ಟವರು ಆ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು.