ಠಾಣೆಯ ಕನ್ನಡ ಮತ್ತು ನಿರಾಶ್ರಿತರ ಮಾತು: ಬೈಲಕುಪ್ಪೆಯ ನಿದರ್ಶನ

ನಿರಾಶ್ರಿತರನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಭೂಮಿ, ವಸತಿ, ಉದ್ಯೋಗ ಮತ್ತು ಪೌರತ್ವಗಳ ಸುತ್ತ ನಡೆಯುತ್ತವೆ. ಭಾಷೆಯ ಪ್ರಸ್ತಾಪ ಬಂದರೂ ಅದು ಶಾಲೆಯ ಬೋಧನ ಮಾಧ್ಯಮದ ಪ್ರಶ್ನೆಯಾಗಿ ಬರುತ್ತದೆ. ಆದರೆ ಪರನಾಡಿನಿಂದ ಬಂದವರು ಪ್ರಭುತ್ವದ ಭಾಷೆಯನ್ನು ಅತ್ಯಂತ ನಿಕಟವಾಗಿ ಎದುರಿಸುವ ಸ್ಥಳಗಳಲ್ಲಿ ಪೊಲೀಸ್ ಠಾಣೆ ಮುಖ್ಯವಾದುದು. ಅಲ್ಲಿ ಆಡಿದ ಮಾತು ಬರಹವಾಗುತ್ತದೆ; ಆ ಬರಹ ಮುಂದೆ ನ್ಯಾಯಾಲಯವನ್ನು ತಲುಪುತ್ತದೆ. ಈ ದಾರಿಯಲ್ಲಿ ದುಭಾಷಿಗೆ ಎಲ್ಲಿ ಸ್ಥಾನವಿದೆ, ಎಲ್ಲಿ ಇಲ್ಲ ಎಂಬುದನ್ನು ಮೈಸೂರು ಜಿಲ್ಲೆಯ ಬೈಲಕುಪ್ಪೆಯ ನಿದರ್ಶನದ ಮೂಲಕ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ ಅವರನ್ನು ಅನುಸರಿಸಿ ಸಹಸ್ರಾರು ಟಿಬೆಟನ್ನರು ಗಡಿ ದಾಟಿದರು. ಆಗಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಒದಗಿಸಿ, 1960ರಿಂದ ಅವರ ನೆಲೆಗೆ ಅವಕಾಶ ಕಲ್ಪಿಸಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ, 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯ ವಸತಿ ಪ್ರದೇಶದಲ್ಲಿ ಇನ್ನಷ್ಟು ಜನ ನೆಲೆಸಿದರು. ಬೈಲಕುಪ್ಪೆಯ ಜನರಿಗೆ ಸಮೀಪದ ಪೇಟೆ ಕುಶಾಲನಗರ. ಅದು ಕಾವೇರಿಯ ಆಚೆ, ಕೊಡಗು ಜಿಲ್ಲೆಯಲ್ಲಿದೆ. ಹೀಗಾಗಿ ವಾಸದ ಮನೆ ಒಂದು ಜಿಲ್ಲೆಯ ಪೊಲೀಸರ ವ್ಯಾಪ್ತಿಗೂ ಪೇಟೆಯ ವ್ಯವಹಾರ ಇನ್ನೊಂದು ಜಿಲ್ಲೆಯ ಪೊಲೀಸರ ವ್ಯಾಪ್ತಿಗೂ ಸೇರುತ್ತವೆ.

ಈ ನೆಲೆಯ ವೈಶಿಷ್ಟ್ಯವನ್ನು ತಿಳಿಯಲು ಒಂದು ಹೋಲಿಕೆ ನೆರವಾಗುತ್ತದೆ. ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದಿಂದ ಬಂದವರಿಗೆ ನಾಸಿಕ್ ಸಮೀಪದ ದೇವಳಾಲಿಯ ಸೈನಿಕ ಶಿಬಿರದಲ್ಲಿ ಆಶ್ರಯ ದೊರೆಯಿತು. ಮರಾಠಿ ಪರಿಸರದಲ್ಲಿ ಅವರ ಮಾತು ಬೇರೆಯಾಗಿತ್ತು. ಆದರೆ ಅವರು ಈ ದೇಶದ ಪೌರರಾದರು, ಅವರ ಭಾಷೆ 1967ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ಬೈಲಕುಪ್ಪೆಗೆ ಬಂದವರಿಗೆ ಈ ಎರಡು ಆಸರೆಗಳೂ ಇರಲಿಲ್ಲ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲವಾದ್ದರಿಂದ, ಕಾನೂನಿನ ದೃಷ್ಟಿಯಲ್ಲಿ ಅವರು ವಿದೇಶೀಯರು. 1939ರ ವಿದೇಶೀಯರ ನೋಂದಣಿ ಕಾಯಿದೆಯಂತೆ ನೋಂದಣಿ ಪತ್ರ ಪಡೆದು, ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾಯಿತು. ಆ ಕಾಯಿದೆಯ ಸ್ಥಾನಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ವಲಸೆ ಮತ್ತು ವಿದೇಶೀಯರ ಕಾಯಿದೆ ಬಂದಿದೆ. ಜಿಲ್ಲೆಗಳಲ್ಲಿ ಈ ನೋಂದಣಿಯ ಹೊಣೆ ಪೊಲೀಸ್ ವರಿಷ್ಠರದಾಗಿತ್ತು. ಎಂದರೆ, ಯಾವ ತಪ್ಪನ್ನೂ ಮಾಡದ ನಿರಾಶ್ರಿತರಿಗೂ ಪೊಲೀಸ್ ಕಚೇರಿಯೊಡನೆ ಸಂಪರ್ಕ ಅನಿವಾರ್ಯವಾಗಿತ್ತು.

ಈ ಸಂಪರ್ಕದಲ್ಲಿ ಮೊದಲು ಎದುರಾಗುವ ತೊಡಕು ಹೆಸರಿನದು. ಟಿಬೆಟನ್ನರಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ತಂದೆಯ ಹೆಸರಿಗೂ ಮಗನ ಹೆಸರಿಗೂ ಸಾಮ್ಯ ಇರಬೇಕೆಂದಿಲ್ಲ. ದಲಾಯಿ ಲಾಮಾ ಅವರ ಹೆಸರಿನ ಭಾಗವಾದ ‘ತೆನ್‌ಜಿನ್’ ಎಂಬುದನ್ನು ಗಂಡುಹೆಣ್ಣೆಂಬ ಭೇದವಿಲ್ಲದೆ ಅಸಂಖ್ಯರು ಹೊಂದಿದ್ದಾರೆ. ಇದನ್ನು ಕನ್ನಡದಲ್ಲಿ ‘ತೆಂಜಿನ್’, ‘ಟೆನ್‌ಜಿನ್’, ‘ತೇನ್‌ಜಿಂಗ್’ ಎಂದು ಹಲವು ಬಗೆಯಲ್ಲಿ ಬರೆಯಲು ಸಾಧ್ಯ. ನೋಂದಣಿ ಪತ್ರದ ರೋಮನ್ ಕಾಗುಣಿತಕ್ಕೂ ದೂರಿನ ಕನ್ನಡ ಕಾಗುಣಿತಕ್ಕೂ ಹೊಂದಿಕೆ ತಪ್ಪಿದರೆ ವ್ಯಕ್ತಿಯ ಗುರುತೇ ಸಂಶಯಕ್ಕೆ ಒಳಗಾಗುತ್ತದೆ. ಇಲ್ಲಿನ ಮಠಗಳಲ್ಲಿ ಲಡಾಖ್, ಅರುಣಾಚಲಗಳಿಂದ ಬಂದ ಭಾರತೀಯ ಪೌರರೂ ಅಧ್ಯಯನ ನಡೆಸುವುದರಿಂದ ಉಡುಪನ್ನು ನೋಡಿ ವಿದೇಶೀಯರೆಂದು ನಿರ್ಣಯಿಸುವುದೂ ಸರಿಯಲ್ಲ.

ಇನ್ನು ಕಾನೂನಿನ ನೆಲೆ. ಸಂವಿಧಾನದ 21 ಮತ್ತು 22ನೆಯ ವಿಧಿಗಳ ರಕ್ಷಣೆ ಪೌರರಿಗೆ ಮಾತ್ರ ಸೀಮಿತವಲ್ಲ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ 21ನೆಯ ವಿಧಿಯ ಮಟ್ಟಿಗೆ ಇದನ್ನು ಸ್ಪಷ್ಟಪಡಿಸಿತು. ಬಂಧಿತನಿಗೆ ಕಾರಣವನ್ನು ತಿಳಿಸಬೇಕೆಂದರೆ ಯಾವ ಭಾಷೆಯಲ್ಲಿ ತಿಳಿಸಬೇಕು? ಈ ಪ್ರಶ್ನೆಗೆ ಉತ್ತರ ದೊರೆತುದು ಮಹಾರಾಷ್ಟ್ರದ ಎರಡು ಪ್ರಕರಣಗಳಲ್ಲಿ. 1962ರ ಹರಿಕಿಸನ್ ಪ್ರಕರಣದಲ್ಲಿ, ಇಂಗ್ಲಿಷ್ ಅರಿಯದ ಸ್ಥಾನಬದ್ಧನಿಗೆ ಇಂಗ್ಲಿಷಿನಲ್ಲಿ ಕಾರಣಗಳನ್ನು ಕೊಟ್ಟರೆ ಅದು ತಿಳಿಸಿದಂತಾಗುವುದಿಲ್ಲವೆಂದು ನ್ಯಾಯಾಲಯ ಹೇಳಿತು. 2025ರ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ದಸ್ತಗಿರಿಯ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕೆಂದು ವಿಧಿಸಿತು. ಈ ತತ್ತ್ವವನ್ನು ಬೈಲಕುಪ್ಪೆಗೆ ಅನ್ವಯಿಸಿದರೆ, ಟಿಬೆಟನ್ ಮಾತ್ರ ಬಲ್ಲ ವೃದ್ಧರೊಬ್ಬರ ಬಂಧನದ ಕಾರಣವನ್ನು ಟಿಬೆಟನ್ನಿನಲ್ಲಿಯೇ ಬರೆದು ಕೊಡಬೇಕಾಗುತ್ತದೆ.

ಬಂಧಿತನಿಗೆ ದೊರೆತ ಈ ಆಸರೆ ದೂರುದಾರನಿಗೂ ಸಾಕ್ಷಿಗೂ ದೊರೆತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ನ್ಯಾಯಾಲಯದ ಹಂತದಲ್ಲಿ ಭಾಷಾ ನೆರವನ್ನು ಮನ್ನಿಸುತ್ತದೆ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ವಿವರಿಸಬೇಕೆಂದು 314ನೆಯ ಕಲಮೂ, ದುಭಾಷಿಯು ಸತ್ಯವಾಗಿ ಅನುವಾದಿಸಲು ಬದ್ಧನೆಂದು 317ನೆಯ ಕಲಮೂ ಹೇಳುತ್ತವೆ. ಠಾಣೆಯ ಹಂತದಲ್ಲಿ 173ನೆಯ ಕಲಮು ದುಭಾಷಿಯನ್ನು ಹೆಸರಿಸುವುದು ಕೆಲವು ಅಪರಾಧಗಳಲ್ಲಿ ನೊಂದವರು ಅಂಗವಿಕಲರಾಗಿದ್ದಾಗ ಮಾತ್ರ. ಭಾಷೆ ಬಾರದಿರುವುದು ಅಲ್ಲಿ ಕಾರಣವಾಗಿ ಎಣಿಕೆಗೆ ಬಂದಿಲ್ಲ. ಅದೇ ಕಲಮು ಯಾವ ವ್ಯಾಪ್ತಿಯ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ಹೇಳಿ ಕುಶಾಲನಗರ ಮತ್ತು ಬೈಲಕುಪ್ಪೆಗಳ ನಡುವಿನ ಗಡಿಯನ್ನು ಸಡಿಲಿಸಿದೆ. ಭಾಷೆಯ ಗಡಿ ಹಾಗೆಯೇ ಉಳಿದಿದೆ.

ಈ ಕೊರತೆಯ ಪರಿಣಾಮ ಗಂಭೀರವಾದುದು. ದೂರನ್ನು ಓದಿ ಹೇಳಿ ದೂರುದಾರನ ಸಹಿ ಪಡೆಯಬೇಕು. ಆದರೆ ತನಿಖೆಯಲ್ಲಿ ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಹಿ ಪಡೆಯಕೂಡದೆಂದು 181ನೆಯ ಕಲಮು ವಿಧಿಸುತ್ತದೆ. ಟಿಬೆಟನ್ನಿನಲ್ಲಿ ಆಡಿದ ಮಾತು ಯಾರೋ ಒಬ್ಬರ ಬಾಯಿಂದ ಕನ್ನಡಕ್ಕೆ ಬಂದು ಕಾಗದದ ಮೇಲೆ ನಿಂತಾಗ, ಅದು ತನ್ನ ಮಾತೇ ಎಂದು ಪರಿಶೀಲಿಸುವ ಸಂದರ್ಭ ಸಾಕ್ಷಿಗೆ ಒದಗುವುದಿಲ್ಲ. ವಿಚಾರಣೆಯ ಕಾಲಕ್ಕೆ ಅದೇ ಹೇಳಿಕೆಯನ್ನು ಮುಂದಿಟ್ಟು, ‘ಅಂದು ಹಾಗೆ ಹೇಳಿದಿರಿ, ಇಂದು ಹೀಗೆ ಹೇಳುತ್ತೀರಿ’ ಎಂದು ಎದುರು ಪಕ್ಷದ ವಕೀಲರು ಕೇಳಬಹುದು. ಅನುವಾದದ ದೋಷ ಸಾಕ್ಷಿಯ ಸುಳ್ಳಾಗಿ ಪರಿಣಮಿಸುವುದು ಹೀಗೆ.

ದುಭಾಷಿ ಇಲ್ಲದಲ್ಲಿ ಸಹಜವಾಗಿ ಒದಗುವವರು ಶಿಬಿರದ ಕಚೇರಿಯವರು, ಕನ್ನಡ ಬಲ್ಲ ನೆರೆಯವರು. ಅವರ ಸದ್ಭಾವವನ್ನು ನಾವು ಶಂಕಿಸುವುದಿಲ್ಲ. ಆದರೆ ಹೆಣ್ಣುಮಗಳೊಬ್ಬಳು ತನ್ನ ಮನೆಯವರ ಮೇಲೆಯೇ ದೂರು ಕೊಡಬೇಕಾದಾಗ, ಅಥವಾ ದೂರು ಶಿಬಿರದ ಹಿರಿಯರ ಮೇಲೆಯೇ ಇದ್ದಾಗ, ನೆರೆಯವರ ಬಾಯಿಂದ ಅವಳ ಮಾತು ಪೂರ್ಣವಾಗಿ ಬರುವುದೆಂಬ ಭರವಸೆ ಇಲ್ಲ. ಅವರು ಪ್ರಮಾಣ ಸ್ವೀಕರಿಸಿದವರೂ ಅಲ್ಲ.

ಈ ಸಂದರ್ಭದಲ್ಲಿ ಠಾಣೆಯ ಕನ್ನಡದ ಸ್ವರೂಪವನ್ನೂ ಗಮನಿಸಬೇಕು. ದಸ್ತಗಿರಿ, ಜಾಮೀನು, ಮಹಜರು, ಫಿರ್ಯಾದು, ಪಂಚನಾಮೆ ಮೊದಲಾದ ಪದಗಳು ಪಾರಸಿ, ಅರಬ್ಬಿ ಮೂಲಗಳಿಂದ ಹಳೆಯ ಆಡಳಿತದ ದಾರಿಯಲ್ಲಿ ಬಂದವು. ನಾಸಿಕ್, ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಸೀಮೆಯ ಮರಾಠಿ ಕಚೇರಿಗಳಿಗೂ ಇವು ಪರಿಚಿತವೇ. ಪೇಟೆಯಲ್ಲಿ ಸರಾಗವಾಗಿ ಕನ್ನಡ ಆಡುವ ಟಿಬೆಟನ್ ತರುಣನಿಗೂ ಈ ಕನ್ನಡ ಬೇರೆಯೇ ಭಾಷೆ. ಹಳ್ಳಿಯ ಕನ್ನಡಿಗನ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ. ಆದ್ದರಿಂದ ‘ಅವರಿಗೆ ಕನ್ನಡ ಬರುತ್ತದೆ’ ಎಂಬ ಮಾತಿನಿಂದ ಸಮಸ್ಯೆ ಮುಗಿಯುವುದಿಲ್ಲ.

ಪರಿಹಾರಕ್ಕೆ ಹೊಸ ಕಾಯಿದೆಯನ್ನೇ ಕಾಯಬೇಕಾಗಿಲ್ಲ. ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಒಂದೇ ಕ್ರಮ, ಐವತ್ತು ಅರವತ್ತು ಠಾಣಾಪದಗಳ ಕನ್ನಡ–ಟಿಬೆಟನ್ ಕಿರುಕೋಶ, ಶಿಬಿರದ ಹೊರಗಿನವರೂ ಸೇರಿದಂತೆ ಪ್ರಮಾಣಬದ್ಧ ದುಭಾಷಿಗಳ ಪಟ್ಟಿ, ಅನುವಾದಿತ ಹೇಳಿಕೆಯಲ್ಲಿ ದುಭಾಷಿಯ ಹೆಸರನ್ನೂ ಮೂಲ ಮಾತಿನ ಭಾಷೆಯನ್ನೂ ದಾಖಲಿಸುವ ರೂಢಿ ಇವಿಷ್ಟು ಸಾಧ್ಯವಾದರೆ ಬಹುಪಾಲು ಕೆಲಸ ಆದಂತೆ. 180ನೆಯ ಕಲಮು ಹೇಳಿಕೆಯ ಧ್ವನಿ ಮತ್ತು ದೃಶ್ಯ ಮುದ್ರಣಕ್ಕೆ ಅವಕಾಶ ಕೊಟ್ಟಿದೆ. ಅದನ್ನು ಬಳಸಿದರೆ ಮೂಲ ಮಾತೂ ಉಳಿಯುತ್ತದೆ. ಇವುಗಳಲ್ಲಿ ಮೊದಲಿನ ಎರಡು ಭಾಷಾಧ್ಯಯನದ ಕೆಲಸಗಳು. ಅವನ್ನು ಕನ್ನಡ ವಿದ್ವಾಂಸರು ವಹಿಸಿಕೊಳ್ಳಬೇಕು. ಆರು ದಶಕಗಳಿಗೂ ಹಿಂದೆ ಈ ನಾಡು ಆ ಜನರಿಗೆ ನೆಲವನ್ನು ಕೊಟ್ಟಿತು. ಅವರ ಮಾತು ಠಾಣೆಯಲ್ಲಿ ಅವರದಾಗಿಯೇ ದಾಖಲಾಗುವಂತೆ ನೋಡಿಕೊಳ್ಳುವುದು ಆ ಔದಾರ್ಯದ ಉಳಿದ ಭಾಗವೆಂದು ನಾವು ಭಾವಿಸುತ್ತೇವೆ.