ಐದು ವ್ಯಾಟಿನ ಸರ್ವರ್

ಮಕ್ತಲ್‌ನಿಂದ ರಾಯಚೂರಿಗೆ ಹೊರಟ ಬಸ್ಸು ಕೃಷ್ಣಾ ಸೇತುವೆ ದಾಟುತ್ತಿದ್ದಂತೆ ಶಕ್ತಿನಗರದ ಚಿಮಣಿಗಳು ಎದುರಾಗುತ್ತವೆ. ಅಲ್ಲಿನ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಹೊಳೆಯ ಈಚೆಗೆ, ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಂಥದೊಂದು ಶಾಲೆಯ ಮಕ್ಕಳಿಗೆ ಸಾಲುವಷ್ಟು ಸರ್ವರ್ ನಡೆಸಲು ಐದು ವ್ಯಾಟ್ ಕರೆಂಟು ಸಾಕು. ಮನೆಯ ಎಲ್‌ಇಡಿ ಬಲ್ಬು ಇದಕ್ಕಿಂತ ಹೆಚ್ಚು ತಿನ್ನುತ್ತದೆ.

ಸರ್ವರ್ ಎಂದ ಕೂಡಲೇ ಹೈದರಾಬಾದಿನ ಯಾವುದೋ ಕಟ್ಟಡದ ಎ.ಸಿ. ಕೋಣೆ ಕಣ್ಮುಂದೆ ಬರುತ್ತದೆ. ಆದರೆ ಬೇರೆ ಯಂತ್ರ ಕೇಳಿದ್ದನ್ನು ಹುಡುಕಿ ಕೊಡುವ ಕಂಪ್ಯೂಟರಿಗೆಲ್ಲ ಅದೇ ಹೆಸರು. ಗಾತ್ರದ ಕಟ್ಟುಪಾಡೇನೂ ಇಲ್ಲ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಬ್ರಿಟನ್ನಿನಲ್ಲಿ ರೂಪಿಸಿದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂತು. ಎಟಿಎಂ ಕಾರ್ಡಿನಷ್ಟಗಲದ ಬೋರ್ಡು, ಆಗಿನ ಬೆಲೆ 35 ಡಾಲರ್. 2019ರಲ್ಲಿ ನಾಲ್ಕನೆಯ ಮಾದರಿ ಬಿಡುಗಡೆಯಾದಾಗ ಅದನ್ನು ರೂಪಿಸಿದವರು ತಮ್ಮ ಜಾಲತಾಣವನ್ನು ಅಂಥ 18 ಬೋರ್ಡುಗಳ ಮೇಲೇ ನಡೆಸಿ ತೋರಿಸಿದರು.

ಹಳ್ಳಿಗೆ ಹದಿನೆಂಟು ಬೇಡ, ಒಂದು ಸಾಕು. ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಕನ್ನಡ ವಿಕಿಪೀಡಿಯದ 30 ಸಾವಿರಕ್ಕೂ ಹೆಚ್ಚು ಲೇಖನಗಳು ಒಂದು ಮೆಮೊರಿ ಕಾರ್ಡಿನಲ್ಲಿ ಕೂರುತ್ತವೆ. ಬೋರ್ಡು ತಾನೇ ವೈಫೈ ಹರಡುತ್ತದೆ. ತರಗತಿಯ ಫೋನು, ಟ್ಯಾಬುಗಳಲ್ಲಿ ಪುಟ ತೆರೆದುಕೊಳ್ಳುತ್ತದೆ. ಡೇಟಾ ಪ್ಯಾಕ್ ಬೇಡ, ಟವರಿನ ಹಂಗೂ ಬೇಡ. ತೆಲುಗು ರಾಜ್ಯದಲ್ಲಿ ಕನ್ನಡದಲ್ಲಿ ಓದುವ ಮಗುವಿಗೆ ಪಠ್ಯದಾಚೆಗಿನ ಓದು ಸುಲಭಕ್ಕೆ ಸಿಗುವುದಿಲ್ಲ. ಈ ಪೆಟ್ಟಿಗೆಯ ಬೆಲೆ ತಿಳಿಯುವುದು ಅಲ್ಲೇ.

ಬೆಂಗಳೂರಿನ ಜನಸ್ತು ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿ, ದುರ್ಗದಹಳ್ಳಿಯಲ್ಲಿ, ಇಂಥ ದಾರಿ ಹಿಡಿದಿದೆ. ಅಲ್ಲಿನದು ಸಮುದಾಯದ್ದೇ ಆದ ವೈಫೈ ಜಾಲ. ಒಂದು ರೂಟರ್ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಮಾಹಿತಿ ದಾಟಿಸುತ್ತದೆ. ಊರವರ ದನಿಮುದ್ರಣಗಳನ್ನು ಇಟ್ಟುಕೊಂಡು ಕೇಳಿಸುವ ಕೆಲಸ ಪೈಗಳದ್ದು. ಊರಿನ ಮಾತು ಊರಲ್ಲೇ ಉಳಿಯುತ್ತದೆ, ಅಮೆರಿಕಕ್ಕೆ ಹೋಗಿ ಬರಬೇಕಾಗಿಲ್ಲ.

ಲೆಕ್ಕವನ್ನೂ ನೋಡಿ. ಐದು ವ್ಯಾಟಿನ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 3.6 ಯೂನಿಟ್. ನೂರು ವ್ಯಾಟಿನ ಹಳೇ ಕಂಪ್ಯೂಟರಾದರೆ 72. ಕರೆಂಟು ಹೋದರೆ 20,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್ ಇದನ್ನು ಹತ್ತು ತಾಸಿನವರೆಗೆ ಎಳೆದೀತು.

ಹಾಗೆಂದು ಇದು ಮೊಂಡು ಜೀವವೇನಲ್ಲ. ಬೋರ್ಡಿನ ಹಸಿರು ದೀಪ ಮಿಣುಕುತ್ತಿದ್ದರೆ ಕಾರ್ಡಿನಲ್ಲಿ ಓದು-ಬರಹ ನಡೆದಿದೆ ಎಂದರ್ಥ. ಆ ಹೊತ್ತಿಗೆ ಕರೆಂಟು ಹೋದರೆ ಕಾರ್ಡು ಕೆಡಬಹುದು. ಹಾಗಾಗಿ ಅನುಭವಸ್ಥರು ಕಾರ್ಡಿನ ಬದಲು ಎಸ್‌ಎಸ್‌ಡಿ ಜೋಡಿಸುತ್ತಾರೆ, ಒಂದು ನಕಲನ್ನು ಬೀರುವಿನಲ್ಲಿಡುತ್ತಾರೆ. ಚಿಪ್ಪಿನ ಬಿಸಿ 80 ಡಿಗ್ರಿ ಮುಟ್ಟಿದರೆ ಬೋರ್ಡು ತಾನಾಗಿ ವೇಗ ತಗ್ಗಿಸುತ್ತದೆ. ಗದ್ವಾಲದ ಮೇ ತಿಂಗಳಲ್ಲಿ, ತಗಡಿನ ಸೂರಿನಡಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಬೇರೆ ಹೇಳಬೇಕೆ! ಲೋಹದ ಹೀಟ್‌ಸಿಂಕ್, ಪುಟ್ಟ ಫ್ಯಾನ್ ಬೇಕೇ ಬೇಕು.

ಇನ್ನೊಂದು ತಮಾಷೆಯ ತೊಂದರೆ ಗಡಿಯಾರದ್ದು. ನಾಲ್ಕನೆಯ ಮಾದರಿಯವರೆಗೆ ಇದಕ್ಕೆ ಸ್ವಂತ ಗಡಿಯಾರವಿಲ್ಲ, ಹೊತ್ತು ತಿಳಿಯುವುದು ಇಂಟರ್‌ನೆಟ್ ಕೇಳಿಯೇ. ನೆಟ್ ಇಲ್ಲದ ಶಾಲೆಯಲ್ಲಿ ಶುಕ್ರವಾರ ಸಂಜೆ ಆರಿಸಿ ಸೋಮವಾರ ಹಚ್ಚಿದರೆ ಅದರ ಪಾಲಿಗೆ ಇನ್ನೂ ಶುಕ್ರವಾರ ಸಂಜೆಯೇ. ಬಟನ್ ಸೆಲ್ಲಿನ ಒಂದು ಸಣ್ಣ ಗಡಿಯಾರದ ಬಿಲ್ಲೆ ಸಿಕ್ಕಿಸಿದರೆ ಸೋಮವಾರ ಸೋಮವಾರವಾಗುತ್ತದೆ.